ಆ ದೋಣಿಗೆ ತಳವೇ ಇಲ್ಲ

ನಮಸ್ಕಾರ. ಬುದ್ಧನ ಗ್ರಂಥ ತರಲು ಶಿಷ್ಯರೊಂದಿಗೆ ಹೊರಟ ಭಿಕ್ಷುವಿನ ಕಥೆ, ಚೀನಾದ ‘ಪಶ್ಚಿಮ ಯಾತ್ರೆ’ ಕಾದಂಬರಿ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ. ಆ ಭಿಕ್ಷುವಿನ ಪಾತ್ರಕ್ಕೆ ಮೂಲವಾದ ನಿಜವಾದ ಯಾತ್ರಿಕ ಹ್ಯೂಯೆನ್ ತ್ಸಾಂಗ್ ನಮ್ಮ ಇಮ್ಮಡಿ ಪುಲಿಕೇಶಿ ಬಗ್ಗೆ ಬರೆದದ್ದನ್ನು ನೆನೆಸಿದ್ದೀರಿ, ಆ ಪ್ಯಾರಾ ಹಾಗೇ ಇರಲಿ. ಆದರೆ ಮೂರನೇ ಪುಟ ಓದಿ ನನಗೆ ಸಿಟ್ಟೇ ಬಂತು.

ನಿಮ್ಮ ಸಾಲು: “ಕೊನೆಗೆ ಭಿಕ್ಷು ಮತ್ತು ಶಿಷ್ಯರು ದೋಣಿಯಲ್ಲಿ ನದಿ ದಾಟಿ ಜ್ಞಾನದ ದಡ ಸೇರಿದರು.”

ಯಾವ ದೋಣಿ? ಆ ದೋಣಿಗೆ ತಳವೇ ಇಲ್ಲ! ಭಿಕ್ಷು ಹತ್ತಲು ಹೆದರುತ್ತಾನೆ. ಶಿಷ್ಯನಾದ ಮಂಗ ಸುನ್ ವುಕಾಂಗ್ ಅವನನ್ನು ತಳ್ಳಿಬಿಡುತ್ತಾನೆ. ನೀರಿಗೆ ಬಿದ್ದವನನ್ನು ಅಂಬಿಗ ಎಳೆದು ನಿಲ್ಲಿಸುತ್ತಾನೆ. ಭಿಕ್ಷು ಒದ್ದೆ ಬಟ್ಟೆ ಕೊಡವುತ್ತಾ ಗೊಣಗುತ್ತಾನೆ. ಅಷ್ಟರಲ್ಲಿ ಒಂದು ಹೆಣ ತೇಲಿ ಬರುತ್ತದೆ. “ಹೆದರಬೇಡಿ ಗುರುಗಳೇ, ಅದು ನೀವೇ” ಎನ್ನುತ್ತಾನೆ ಮಂಗ. ನನಗೆ ಈಗಲೂ ಅಲ್ಲಿ ಮೈ ಜುಮ್ಮೆನ್ನುತ್ತದೆ. ಇದೆಲ್ಲ ಬಿಟ್ಟು ‘ಜ್ಞಾನದ ದಡ’ ಅಂದರೆ ಓದುವವರ ಕಣ್ಣಿಗೆ ಏನು ಕಾಣಬೇಕು?

ಮುಂದಿನ ಸಾಲು: “ಪವಿತ್ರ ಗ್ರಂಥಗಳನ್ನು ಪಡೆದು ಧನ್ಯರಾದರು.”

ಅಷ್ಟು ಸಲೀಸಾಗಿ ಸಿಗಲಿಲ್ಲ, ಅಲ್ವಾ? ಗ್ರಂಥ ಕೊಡಬೇಕಾದ ಬುದ್ಧನ ಶಿಷ್ಯರು ಆನಂದ, ಕಾಶ್ಯಪರು ‘ನಮಗೇನು ತಂದಿರಿ’ ಅಂತ ಕೇಳುತ್ತಾರೆ. ಇವರದು ಬರಿಗೈ. ಅವರು ಕೊಟ್ಟ ಗ್ರಂಥದ ಸುರುಳಿಗಳನ್ನು ದಾರಿಯಲ್ಲಿ ಬಿಚ್ಚಿದರೆ ಒಂದಕ್ಷರವೂ ಇಲ್ಲ. ದೂರು ಕೇಳಿದ ಬುದ್ಧ ನಗುತ್ತಾನೆ: ಖಾಲಿ ಸುರುಳಿಗಳೇ ನಿಜವಾದವು, ನಿಮ್ಮ ಜನಕ್ಕೆ ಅದು ತಿಳಿಯದು. ಅಕ್ಷರ ಬೇಕೆಂದರೆ ಚಕ್ರವರ್ತಿ ಕೊಟ್ಟ ಚಿನ್ನದ ಭಿಕ್ಷಾಪಾತ್ರೆ ಬಿಟ್ಟುಕೊಡಬೇಕು. ಸುತ್ತ ನಿಂತವರು ಆಡಿಕೊಂಡಾಗ ಆನಂದನ ಮುಖ ನಾಚಿಕೆಯಿಂದ ಮುದುಡುತ್ತದೆ. ಕೈ ಮಾತ್ರ ಪಾತ್ರೆ ಬಿಡುವುದಿಲ್ಲ. ಬುದ್ಧನ ಸನ್ನಿಧಿಯಲ್ಲಿ ಲಂಚ ಎಂದು ನೀವು ಮುಜುಗರಪಟ್ಟಿರಬೇಕು. 1592ರಲ್ಲಿ ಅಚ್ಚಾದ ಕಾದಂಬರಿಗೆ ಆ ಮುಜುಗರ ಇರಲಿಲ್ಲ.

ನಾನು ಪತ್ರಿಕೆ ಸೇರಿದ ಹೊಸತರಲ್ಲಿ ಒಂದು ಜಾತ್ರೆ ವರದಿಯಲ್ಲಿ “ಭಕ್ತಿಯ ಹೊಳೆ ಹರಿಯಿತು” ಎಂದು ಬರೆದಿದ್ದೆ. ಹಿರಿಯರೊಬ್ಬರು ಓದಿ ಕೇಳಿದ್ದು ಒಂದೇ: “ತೇರಿನ ಹಗ್ಗ ಯಾವುದರದು?” ನನಗೆ ಗೊತ್ತಿರಲಿಲ್ಲ. ಮಾರನೇ ದಿನ ಬಸ್ ಹತ್ತಿ ಮತ್ತೆ ಹೋದೆ. ತೇರು ಎಳೆದ ಅಜ್ಜ ಒಬ್ಬರು ಮಾತಾಡದೆ ಅಂಗೈ ಬಿಚ್ಚಿ ತೋರಿಸಿದರು. ತೆಂಗಿನ ನಾರು ಉಜ್ಜಿ ಚರ್ಮ ಕಿತ್ತು ಬಂದಿತ್ತು. ಆ ಅಂಗೈ ವರದಿಯ ಮೊದಲ ಸಾಲಾಯಿತು.

ಮೂರನೇ ಪುಟ ಮತ್ತೆ ಬರೆಯಿರಿ. ‘ಮಂಗ ಎಂದರೆ ನಮ್ಮ ಮನಸ್ಸು’ ಅಂತ ಐದು ಕಡೆ ಇದೆ, ಒಂದು ಸಾಕು. ತಳವಿಲ್ಲದ ದೋಣಿ ಬರಲಿ, ಆನಂದನ ಕೈ ಬರಲಿ. ಜಾಗ ಜಾಸ್ತಿ ಬೇಕಾದರೆ ಇನ್ನೊಂದು ಪುಟ ಕೊಡುತ್ತೇನೆ. ಇಪ್ಪತ್ತನೇ ತಾರೀಖಿನೊಳಗೆ ಕಳಿಸಿ, ಕಾಯುತ್ತಿರುತ್ತೇನೆ.