ಬಾಂಡ್ ಡಾಕ್ಯುಮೆಂಟರಿ ತೋರಿಸಿ ಅಪ್ಪನನ್ನು ಒಪ್ಪಿಸಬಹುದಾ? ಮೊದಲು ರಿಮೋಟ್ ಬೇರೆಯವರ ಕೈಗೆ ಕೊಡಿ

ಜೇಮ್ಸ್ ಬಾಂಡ್ ಪಾತ್ರ ಮಾಡಿದ ನಟರಲ್ಲಿ ಅಪ್ಪ ಶಾನ್ ಕಾನರಿ ಪಾರ್ಟಿ, ನೀವು ಡೇನಿಯಲ್ ಕ್ರೇಗ್ ಪಾರ್ಟಿ. ಬಾಂಡ್ ಸಿನಿಮಾಗಳ ಕಥೆ ಹೇಳುವ ‘ಎವೆರಿಥಿಂಗ್ ಆರ್ ನಥಿಂಗ್’ ಡಾಕ್ಯುಮೆಂಟರಿ ತೋರಿಸಿದರೆ ಅಪ್ಪ ದಾರಿಗೆ ಬರ್ತಾರಾ, ಇಲ್ಲ ಮೊದಲು 25 ಬಾಂಡ್ ಸಿನಿಮಾನೂ ಕೂತು ನೋಡಬೇಕಾ ಅಂತ ಕೇಳಿದ್ದೀರಿ. ಓದಿದ ತಕ್ಷಣ ನನಗೆ 2013ರ ದೀಪಾವಳಿ ನೆನಪಾಯಿತು. ನೆನಪಾಗದಿದ್ದರೆ ಚೆನ್ನಾಗಿತ್ತು.

ನಿಮ್ಮ ಅಪ್ಪನ ಜಾಗದಲ್ಲಿ ನನಗೆ ಸೋದರಮಾವ ಇದ್ದರು. ಬ್ಯಾಂಕಿನಿಂದ ರಿಟೈರ್ ಆಗಿ ಮೈಸೂರಿನಲ್ಲಿ ಮನೆ ಮಾಡಿಕೊಂಡಿದ್ದರು. ಬಾಂಡ್ ಅಂದ್ರೇನು ಅಂತ ನನಗೆ ಕಲಿಸಿದ್ದೇ ಅವರು. ಅರವತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ಕಾಲೇಜು ಓದುವಾಗ ಎಂ.ಜಿ. ರೋಡ್ ಕಡೆಯ ಟಾಕೀಸುಗಳಲ್ಲಿ ಇಂಗ್ಲಿಷ್ ಸಿನಿಮಾ ನೋಡಿ, ಹಾಸ್ಟೆಲಿಗೆ ನಡೆದುಕೊಂಡೇ ವಾಪಸ್ ಹೋಗುತ್ತಿದ್ದವರು. ನೋಡಿದ ಪ್ರತಿಯೊಂದು ಸಿನಿಮಾಕ್ಕೂ ಒಂದು ಡೈರಿಯಲ್ಲಿ ಒಂದು ಸಾಲು. ಸಿನಿಮಾ ಹೆಸರು, ಟಿಕೆಟ್ ಎಷ್ಟು, ಆ ದಿನ ಹವಾ ಹೇಗಿತ್ತು, ಅಷ್ಟೇ. ಸಿನಿಮಾ ಚೆನ್ನಾಗಿತ್ತಾ ಇಲ್ವಾ ಅಂತ ಎಲ್ಲೂ ಬರೆದಿರಲಿಲ್ಲ. ನಾನು ಹತ್ತು ವರ್ಷದವನಿದ್ದಾಗ ಆ ಡೈರಿಯನ್ನು ಒಂದು ಸಲ ನೋಡಿದ್ದೆ. ಕಾನರಿಯ ‘ಗೋಲ್ಡ್‌ಫಿಂಗರ್’ ಇದ್ದ ಪುಟದ ಆಸುಪಾಸಿನಲ್ಲೇ ‘ಜೇಡರ ಬಲೆ’ಯೂ ಇತ್ತು. 1968ರಲ್ಲಿ ದೊರೆ–ಭಗವಾನ್ ಮಾಡಿದ್ದು, ರಾಜ್‌ಕುಮಾರ್ ಸಿ.ಐ.ಡಿ. 999. ಮಾವನಿಗೆ ಇಬ್ಬರೂ ಒಂದೇ. “ಒಬ್ಬ ಸ್ಕಾಟ್ಲೆಂಡಿನವನು, ಒಬ್ರು ಗಾಜನೂರಿನವರು, ಅಷ್ಟೇ ವ್ಯತ್ಯಾಸ” ಅನ್ನುತ್ತಿದ್ದರು.

ನಾನು ತಿಮೋಥಿ ಡಾಲ್ಟನ್ ಪಾರ್ಟಿ. ಹೌದು, ನಗಬೇಡಿ. 1987ರಲ್ಲಿ ಒಂದು, 1989ರಲ್ಲಿ ಒಂದು, ಎರಡೇ ಸಿನಿಮಾ. ಆಮೇಲೆ ಹಕ್ಕುಗಳ ಕೋರ್ಟ್ ಜಗಳದಲ್ಲಿ ಆರು ವರ್ಷ ಬಾಂಡ್ ಸಿನಿಮಾನೇ ಬರಲಿಲ್ಲ. 1995ರಲ್ಲಿ ಬರುವ ಹೊತ್ತಿಗೆ ಬಾಂಡ್ ಪಿಯರ್ಸ್ ಬ್ರಾಸ್ನನ್ ಆಗಿದ್ದ. ಇದು ಅನ್ಯಾಯ ಅಂತ ನಾನು ಇವತ್ತಿಗೂ ಹೇಳುತ್ತೇನೆ. ಆದರೆ ಅದು ಬೇರೆ ಪ್ರಶ್ನೆಯ ಉತ್ತರ.

ಈ ಡಾಕ್ಯುಮೆಂಟರಿ ಬಂದಿದ್ದು 2012ರಲ್ಲಿ, ಈ ಸರಣಿಯ ಮೊದಲ ಸಿನಿಮಾ ‘ಡಾ. ನೋ’ಗೆ ಐವತ್ತು ವರ್ಷ ತುಂಬಿದಾಗ. ನಿರ್ದೇಶಕ ಸ್ಟೀವನ್ ರೈಲಿ. ವೆಸ್ಟ್ ಇಂಡೀಸ್ ಕ್ರಿಕೆಟ್ ಬಗ್ಗೆ ‘ಫೈರ್ ಇನ್ ಬ್ಯಾಬಿಲೋನ್’ ಮಾಡಿದವನು ಇವನೇ. ಅದನ್ನು ನೋಡಿ ಹುಚ್ಚು ಹಿಡಿದಿತ್ತು ನನಗೆ. ಇದನ್ನೂ ನೋಡಿದೆ. ಒಂದು ಸಲ ಅಲ್ಲ, ಮೂರು ಸಲ. ಮೂರನೇ ಸಲ ನೋಟ್ಸ್ ಮಾಡಿಕೊಂಡೆ. ಬಾಂಡ್ ಬಗ್ಗೆ ಪ್ರಪಂಚದಲ್ಲಿ ಗೊತ್ತಿರಬೇಕಾದ್ದೆಲ್ಲ ನನಗೆ ಗೊತ್ತಾಯಿತು ಅನ್ನೋ ಭ್ರಮೆ ಬಂತು. ಅವತ್ತೇ ಯಾರಾದರೂ ತಡೆಯಬೇಕಿತ್ತು.

ಆ ವರ್ಷ ಮಾವನ ಮಗಳ ಮದುವೆಯಾಗಿತ್ತು. ಅಳಿಯನಿಗೆ ಮಾವನ ಮನೆಯಲ್ಲಿ ಮೊದಲ ದೀಪಾವಳಿ. ಮನೆ ತುಂಬ ನೆಂಟರು. ಮಧ್ಯಾಹ್ನ ಹೋಳಿಗೆ ಊಟ ಆಗಿ ಎಲ್ಲರೂ ಹಾಲಿನಲ್ಲಿ ಮೈಚಾಚಿದ್ದರು. ನಾನು ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿ ಡಾಕ್ಯುಮೆಂಟರಿ ಹಾಕಿದೆ. ಮಾವನಿಗೆ ಎಷ್ಟು ಖುಷಿಯಾಯಿತು ಅಂದರೆ ಕುರ್ಚಿಯನ್ನು ಎಳೆದುಕೊಂಡು ಮುಂದೆ ಬಂದು ಕೂತರು. “ಇದು ಮುಗೀಲಿ, ನಿನಗೆ ಒಂದು ತೋರಿಸ್ಬೇಕು ಕಣೋ” ಅಂದರು.

ಇಲ್ಲಿಂದ ಸ್ವಲ್ಪ ನಿಧಾನಕ್ಕೆ ಓದಿ.

ನನ್ನ ತಪ್ಪು ಡಾಕ್ಯುಮೆಂಟರಿ ತೋರಿಸಿದ್ದಲ್ಲ. ಡಾಲ್ಟನ್ ಪರ ವಾದ ಮಾಡಿದ್ದೂ ಅಲ್ಲ, ಆ ವಾದ ಇಪ್ಪತ್ತು ವರ್ಷದಿಂದ ನಡೀತಾನೇ ಇತ್ತು. ನನ್ನ ತಪ್ಪು ಪಾಜ್ ಒತ್ತಿದ್ದು. ನಾಲ್ಕು ಸಲ. ಮೊದಲ ಸಲ, ಬಾಂಡ್‌ನನ್ನು ಸೃಷ್ಟಿಸಿದ ಲೇಖಕ ಇಯಾನ್ ಫ್ಲೆಮಿಂಗ್ ಜಮೈಕಾದಲ್ಲಿ ಕೂತು ಮೊದಲ ಕಾದಂಬರಿ ಬರೆಯೋ ಭಾಗ. ನಿಲ್ಲಿಸಿ, ‘ಜೇಮ್ಸ್ ಬಾಂಡ್’ ಅನ್ನೋದು ಹಕ್ಕಿಗಳ ಬಗ್ಗೆ ಪುಸ್ತಕ ಬರೆದ ಒಬ್ಬ ಅಮೆರಿಕನ್ ವಿಜ್ಞಾನಿಯ ಹೆಸರು ಅಂತ ಎಲ್ಲರಿಗೂ ಹೇಳಿದೆ. ಮಾವ ತಲೆಯಾಡಿಸಿದರು. ಅವರಿಗೆ ಗೊತ್ತಿತ್ತು, ನನಗೇ ಹೇಳಿಕೊಟ್ಟಿದ್ದು ಅವರು! ಎರಡನೇ ಸಲ, ಆಲ್ಬರ್ಟ್ ಬ್ರಾಕಲಿ ಮತ್ತು ಹ್ಯಾರಿ ಸಾಲ್ಟ್ಜ್‌ಮನ್ ಅನ್ನೋ ಇಬ್ಬರು ನಿರ್ಮಾಪಕರ ಪಾಲುದಾರಿಕೆ. ಮೂರನೇ ಸಲ ಕೆವಿನ್ ಮೆಕ್‌ಕ್ಲೋರಿ. ಫ್ಲೆಮಿಂಗ್ ಜೊತೆ ಸೇರಿ ‘ಥಂಡರ್‌ಬಾಲ್’ ಚಿತ್ರಕಥೆ ಬರೆದು, ಆಮೇಲೆ ಅದು ಕಾದಂಬರಿಯಾಗಿ ಬಂದಾಗ ಕೋರ್ಟಿಗೆ ಹೋದವನು. “ಇವನೇ ವಿಲನ್, ಸುಮ್ನೆ ದುಡ್ಡಿಗೆ ಬಿದ್ದವನು” ಅಂತ ನಾನು ತೀರ್ಪು ಕೊಟ್ಟೆ. ಈಗ ಅನ್ನಿಸುತ್ತೆ, ಎಂಥ ಮೂರ್ಖತನ. 1963ರಲ್ಲಿ ಆ ಕೇಸು ರಾಜಿಯಾದಾಗ ಥಂಡರ್‌ಬಾಲ್ ಸಿನಿಮಾ ಹಕ್ಕು ಸಿಕ್ಕಿದ್ದು ಮೆಕ್‌ಕ್ಲೋರಿಗೇ. ಕಾದಂಬರಿಯ ಆಮೇಲಿನ ಮುದ್ರಣಗಳಲ್ಲಿ ಅವನ ಹೆಸರನ್ನೂ ಹಾಕಬೇಕಾಯಿತು. ಪೂರ್ತಿ ಸುಳ್ಳು ಕೇಸಾಗಿದ್ದರೆ ಹಾಗೆ ಆಗ್ತಿತ್ತಾ?

ನಾಲ್ಕನೇ ಸಲ ಕಾನರಿ ಮತ್ತು ನಿರ್ಮಾಪಕರ ಮನಸ್ತಾಪದ ಭಾಗ. ನಿಲ್ಲಿಸಿದೆ. ಸ್ಕ್ರೀನ್ ಮೇಲೆ ಕಾನರಿ ಮುಖ ಹಾಗೇ ನಿಂತಿತ್ತು. ಮಾವನ ಕಡೆ ತಿರುಗಿ, “ನೋಡಿ ಮಾವ, ನೀವು ಐವತ್ತು ವರ್ಷ ತಲೆ ಮೇಲೆ ಹೊತ್ತುಕೊಂಡ ಹೀರೋ ಬರೀ ದುಡ್ಡಿನ ಮನುಷ್ಯ. ನೀವು ಬ್ಯಾಂಕಲ್ಲಿದ್ದೂ ಲೆಕ್ಕ ಗೊತ್ತಾಗಲಿಲ್ಲ” ಅಂದೆ. ಅಳಿಯ ಜೋರಾಗಿ ನಕ್ಕ. ಪಾಪ, ಅವನಿಗೇನು ಗೊತ್ತು. ಎಲ್ಲರೂ ನಕ್ಕರು.

ಮಾವ ಇಷ್ಟೇ ಕೇಳಿದರು: “ಇದರಲ್ಲಿ ಐದು ಜನ ಬಾಂಡ್‌ಗಳು ಕೂತು ಮಾತಾಡ್ತಿದ್ದಾರೆ. ಅವನು ಎಲ್ಲಿ ಮಾತಾಡ್ತಿದ್ದಾನೆ?”

ನಿಜ. ಲೇಜನ್ಬಿ, ಮೂರ್, ಡಾಲ್ಟನ್, ಬ್ರಾಸ್ನನ್, ಕ್ರೇಗ್ ಐವರೂ ಕ್ಯಾಮೆರಾ ಮುಂದೆ ಬಂದಿದ್ದಾರೆ. ಕಾನರಿ ಬಂದಿಲ್ಲ. ಅವನದು ಹಳೆಯ ತುಣುಕುಗಳು ಮಾತ್ರ. ಮೂರು ಸಲ ನೋಡಿ ನೋಟ್ಸ್ ಮಾಡಿಕೊಂಡವನಿಗೆ ಇದು ಹೊಳೆದೇ ಇರಲಿಲ್ಲ. ಹೊಳೆಯದ್ದಕ್ಕೆ ಸಿಟ್ಟು ಬಂತು. “ಹೇಳೋಕೆ ಏನಾದ್ರೂ ಇದ್ದಿದ್ರೆ ಬರ್ತಿದ್ದ” ಅಂದುಬಿಟ್ಟೆ. ಮಾವ ಎದ್ದು ಕಾಫಿಗೆ ಹೇಳಿ ಬರ್ತೀನಿ ಅಂತ ಒಳಗೆ ಹೋದವರು ಸಿನಿಮಾ ಮುಗಿಯುವವರೆಗೆ ಬರಲಿಲ್ಲ. ತೋರಿಸ್ತೀನಿ ಅಂದಿದ್ದನ್ನೂ ತೋರಿಸಲಿಲ್ಲ.

ಕಾನರಿ ಎಡಿನ್‌ಬರೋದ ಬಡವರ ಕೇರಿಯಲ್ಲಿ ಹುಟ್ಟಿದವನು. ಅಪ್ಪ ಲಾರಿ ಡ್ರೈವರ್, ಅಮ್ಮ ಮನೆಗೆಲಸದವಳು. ಹುಡುಗನಿದ್ದಾಗ ಹಾಲು ಹಾಕುತ್ತಿದ್ದ. ನಮ್ಮ ಮಾವನೂ ಸ್ಕೂಲಿಗೆ ಹೋಗುವ ಮುಂಚೆ ಮನೆಮನೆಗೆ ಹಾಲು ಹಾಕಿ ಓದಿದವರು. ಇದು ನನಗೆ ಗೊತ್ತಿತ್ತು. ಎರಡೂ ಗೊತ್ತಿತ್ತು. ಜೋಡಿಸಿ ನೋಡಿರಲಿಲ್ಲ. ಕೋಟಿಗಟ್ಟಲೆ ಗಳಿಸಿಕೊಡುವ ಸಿನಿಮಾದಲ್ಲಿ ತನ್ನ ಪಾಲು ಕೇಳಿದ ಹಾಲಿನ ಹುಡುಗನನ್ನು, ಹೊಸ ಅಳಿಯನ ಎದುರಿಗೆ, ಇನ್ನೊಬ್ಬ ಹಾಲಿನ ಹುಡುಗನ ಮುಂದೆ ನಾನು ದುಡ್ಡಿನ ಮನುಷ್ಯ ಅಂದಿದ್ದೆ.

ಇನ್ನೂ ಒಂದಿದೆ. 1971ರಲ್ಲಿ ‘ಡೈಮಂಡ್ಸ್ ಆರ್ ಫಾರೆವರ್’ಗೆ ವಾಪಸ್ ಬಂದಾಗ ಕಾನರಿ 12.5 ಲಕ್ಷ ಡಾಲರ್ ತಗೊಂಡ. ಆ ಕಾಲಕ್ಕೆ ದಾಖಲೆ. ಆ ಹಣವನ್ನು ಸ್ಕಾಟ್ಲೆಂಡಿನ ಹುಡುಗ ಹುಡುಗಿಯರ ಓದಿಗೆ ನೆರವಾಗುವ ಟ್ರಸ್ಟಿಗೆ ಕೊಟ್ಟ. ಆ ಟ್ರಸ್ಟ್ ಕಟ್ಟಿದವರಲ್ಲಿ ಅವನೂ ಒಬ್ಬ. ಇದು ನನಗೆ ತಿಳಿದಿದ್ದು 2020ರ ಅಕ್ಟೋಬರ್ 31ರಂದು ಅವನು ತೀರಿಕೊಂಡಾಗ, ಯಾವುದೋ ಲೇಖನ ಓದುತ್ತಾ. ಮಾವನಿಗೆ ಮೊದಲಿಂದಲೂ ಗೊತ್ತಿತ್ತಂತೆ. ಅವತ್ತು ಒಂದು ಮಾತು ಹೇಳಿದ್ದರೆ ನನ್ನ ಬಾಯಿ ಮುಚ್ಚುತ್ತಿತ್ತು. ಹೇಳಲಿಲ್ಲ. ಅಳಿಯನ ಎದುರು ನನ್ನ ಮರ್ಯಾದೆ ಉಳಿಸಿದರು ಅಂತ ಈಗ ಅನ್ನಿಸುತ್ತೆ.

ಆಮೇಲೆ ನಾವೇನು ಮಾತು ಬಿಡಲಿಲ್ಲ. ಹಬ್ಬಕ್ಕೆ ಫೋನು, ಮದುವೆಗೆ ಭೇಟಿ, ಎಲ್ಲ ಇತ್ತು. ಸಿನಿಮಾ ಮಾತು ಮಾತ್ರ ನಿಂತಿತು. 2018ರಲ್ಲಿ ಮಾವ ಮೈಸೂರಿನ ಮನೆ ಮಾರಿ ಹುಬ್ಬಳ್ಳಿಗೆ, ಮಗಳ ಹತ್ತಿರ ಹೋದರು. ಮನೆ ಖಾಲಿ ಮಾಡುವಾಗ ಅಟ್ಟದ ಮೇಲಿನದ್ದೆಲ್ಲ ರದ್ದಿಗೆ ಹೋಯಿತು. ಡೈರಿಯೂ. ಯಾರ ತಪ್ಪೂ ಅಲ್ಲ. ಅದು ನನಗೆ ಬೇಕು ಅಂತ ನಾನು ಕೇಳಿರಲಿಲ್ಲ, ಕೇಳೋಕೆ ಮುಖ ಇರಲಿಲ್ಲ. ಅವತ್ತು ತೋರಿಸಬೇಕು ಅಂದಿದ್ದು ಅದನ್ನೇ ಅಂತ ಮಾವನ ಮಗಳು ಆಮೇಲೆ ಹೇಳಿದಳು.

ಈಗ ನಿಮ್ಮ ಪ್ರಶ್ನೆ. ಅಪ್ಪನ ಅಭಿಪ್ರಾಯ ಯಾಕೆ ಬದಲಾಗಬೇಕು? ಇದಕ್ಕೆ ನಿಮ್ಮ ಹತ್ತಿರ ಉತ್ತರ ಇದ್ದರೆ ಡಾಕ್ಯುಮೆಂಟರಿ ಹಾಕಿ. ನನ್ನ ಪ್ರಕಾರ ಇರಲ್ಲ. ಮತ್ತೆ ಅದು ಜಡ್ಜ್‌ಮೆಂಟ್ ಅಲ್ಲ, ಬ್ರಾಕಲಿ ಮನೆತನದ ಸಹಕಾರದಿಂದ ಮಾಡಿದ ಮನೆಯ ಆಲ್ಬಂ. ಒಳ್ಳೆ ಆಲ್ಬಂ, ನಾನು ಇಲ್ಲ ಅನ್ನಲ್ಲ. ಲೇಜನ್ಬಿ ಭಾಗಕ್ಕಂತೂ ಪೂರ್ತಿ ಮಾರ್ಕ್ಸ್. ಆಸ್ಟ್ರೇಲಿಯಾದ ಮಾಡೆಲ್, ನಟನೆ ಗೊತ್ತಿಲ್ಲ. ಕಾನರಿಗೆ ಹೊಲಿದು ಅವನು ತಗೊಂಡು ಹೋಗದೆ ಬಿಟ್ಟಿದ್ದ ಸೂಟು ಕೊಂಡು, ಕಾನರಿಯ ಕ್ಷೌರಿಕನ ಹತ್ತಿರವೇ ಕೂದಲು ಕತ್ತರಿಸಿಕೊಂಡು ಹೋಗಿ ಬಾಂಡ್ ಪಾತ್ರ ಹೊಡೆದುಕೊಂಡ. ಒಂದೇ ಸಿನಿಮಾ ಮಾಡಿ ತಾನೇ ಬಿಟ್ಟೂ ಹೋದ. ಅದನ್ನು ಅವನ ಬಾಯಲ್ಲೇ ಕೇಳಬೇಕು. ಆದರೆ ಮನೆಯ ಆಲ್ಬಮ್ಮಿನಲ್ಲಿ ಜಗಳವಾಡಿ ಹೊರಗೆ ಹೋದವರ ಫೋಟೋ ಎಷ್ಟಿರುತ್ತೆ, ಹೇಗಿರುತ್ತೆ ಅಂತ ನಿಮಗೆ ಗೊತ್ತಲ್ವಾ?

25 ಸಿನಿಮಾ ವಿಷಯಕ್ಕೆ ಬಂದರೆ, ಆ ಲೆಕ್ಕದಲ್ಲೇ ನಿಮ್ಮ ಅಪ್ಪನ ಒಂದು ಸಿನಿಮಾ ಬಿಟ್ಟುಹೋಗಿದೆ. 1983ರಲ್ಲಿ ಮೆಕ್‌ಕ್ಲೋರಿಯ ಹಕ್ಕಿನ ಮೇಲೆ ಕಾನರಿ ‘ನೆವರ್ ಸೇ ನೆವರ್ ಅಗೇನ್’ ಮಾಡಿದ. ಅದೇ ವರ್ಷ ಆ ಕಡೆ ರೋಜರ್ ಮೂರ್ ಉದಯಪುರದಲ್ಲಿ ‘ಆಕ್ಟೋಪಸ್ಸಿ’, ಜೊತೆಗೆ ನಮ್ಮ ವಿಜಯ್ ಅಮೃತರಾಜ್ ಟೆನಿಸ್ ರಾಕೆಟ್ ಹಿಡಿದು ಹೊಡೆದಾಟ. ಗಳಿಕೆಯಲ್ಲಿ ಮೂರ್ ಗೆದ್ದ. ಕಾನರಿಯದು ಬ್ರಾಕಲಿ ಕಂಪನಿಯ ಸಿನಿಮಾ ಅಲ್ಲ, ಹಾಗಾಗಿ 25ರಲ್ಲಿ ಇಲ್ಲ. ನೀವು ಅಪ್ಪನ ಎದುರು 25 ಅಂದ ತಕ್ಷಣ ಅವರು “26” ಅಂದರೆ ನನ್ನನ್ನು ನೆನೆಸಿಕೊಳ್ಳಿ.

ಎಲ್ಲ ನೋಡೋದೇನೂ ಬೇಡ. 1963ರ ‘ಫ್ರಮ್ ರಷ್ಯಾ ವಿತ್ ಲವ್’ ಅಪ್ಪನಿಗಾಗಿ ನೀವು ನೋಡಿ. 2006ರ ‘ಕೆಸಿನೊ ರಾಯಲ್’ ನಿಮಗಾಗಿ ಅವರು ನೋಡಲಿ. ಫ್ಲೆಮಿಂಗ್‌ನ ಮೊದಲ ಕಾದಂಬರಿ ಬ್ರಾಕಲಿ ಕಂಪನಿಯಲ್ಲಿ 21ನೇ ಸಿನಿಮಾ ಆಗಿದ್ದು ಯಾಕೆ ಅಂತ ಅಪ್ಪ ಕೇಳಬಹುದು. ಅದರ ಹಕ್ಕು ಮೊದಲೇ ಬೇರೆಯವರಿಗೆ ಮಾರಿಹೋಗಿತ್ತು, 1999ರವರೆಗೆ ಇವರ ಕೈಗೆ ಬರಲಿಲ್ಲ ಅಂತ ಹೇಳಿ. ಅವರು ಕೇಳಿದರೆ ಮಾತ್ರ ಹೇಳಿ. ಡಾಕ್ಯುಮೆಂಟರಿ ಕೊನೆಗೆ. ರಿಮೋಟ್ ಅಪ್ಪನ ಕೈಯಲ್ಲಿ. ನಿಲ್ಲಿಸೋದಿದ್ರೆ ಅವರು ನಿಲ್ಲಿಸಲಿ. ಕ್ರೇಗ್ ದೊಡ್ಡವನಾ ಕಾನರಿ ದೊಡ್ಡವನಾ ಅನ್ನೋದಕ್ಕೆ ನನ್ನ ಉತ್ತರ ಡಾಲ್ಟನ್, ಆದ್ದರಿಂದ ನನ್ನನ್ನು ಕೇಳಬೇಡಿ.

2025ರ ಫೆಬ್ರವರಿಯಲ್ಲಿ ಬ್ರಾಕಲಿಯ ಮಗಳು ಬಾರ್ಬರಾ ಮತ್ತು ಮಲಮಗ ಮೈಕೆಲ್ ವಿಲ್ಸನ್ ಬಾಂಡ್ ಸಿನಿಮಾಗಳ ಮೇಲಿನ ಹಿಡಿತವನ್ನು ಅಮೆಜಾನ್ ಎಂಜಿಎಂಗೆ ಬಿಟ್ಟುಕೊಟ್ಟರು ಅನ್ನೋ ಸುದ್ದಿ ಬಂತು. ಏನಾದರಾಗಲಿ ಅಂತ ಮಾವನಿಗೆ ಫೋನ್ ಮಾಡಿದೆ. ಹನ್ನೊಂದು ವರ್ಷದ ಮೇಲೆ ಸಿನಿಮಾ ಮಾತು. ಪೂರ್ತಿ ಕೇಳಿಸಿಕೊಂಡು, “ಹಾಗಾದ್ರೆ ಇನ್ನು ಕಾನರಿ ಬಗ್ಗೆ ಬೇರೆ ಡಾಕ್ಯುಮೆಂಟರಿ ಮಾಡಬಹುದಲ್ಲೋ” ಅಂದರು. ನಾನು ನಗಲೋ ಬೇಡವೋ ಅಂತ ಸುಮ್ಮನಿದ್ದೆ. ಅವರೇ ಮುಂದುವರಿಸಿದರು: “ಗೋಲ್ಡ್‌ಫಿಂಗರ್. ಒಂದು ರೂಪಾಯಿ ನಲವತ್ತು ಪೈಸೆ. ಮಳೆ.”

ಅವತ್ತಿನಿಂದ ನೆನಪಾದಾಗೆಲ್ಲ ಫೋನ್ ಮಾಡಿ ಒಂದೊಂದು ಸಾಲು ಹೇಳುತ್ತಾರೆ. ನಾನು ಬರೆದುಕೊಳ್ಳುತ್ತೇನೆ, ಮಧ್ಯೆ ಬಾಯಿ ಹಾಕದೆ. ಇಲ್ಲಿಯವರೆಗೆ ಹದಿನಾರು ಸಾಲು ಆಗಿದೆ. ‘ಜೇಡರ ಬಲೆ’ ದಿನ ಬಿಸಿಲು ಜಾಸ್ತಿ ಇತ್ತಂತೆ. ಟಿಕೆಟ್ ಎಷ್ಟು ಅನ್ನೋದು ಮಾತ್ರ ಇನ್ನೂ ನೆನಪಾಗಿಲ್ಲ.