ದಾರಿ ಇದೆ, ಪಂಚಾಯಿತಿ ಪುಸ್ತಕದಲ್ಲಿ ಹೆಸರಿಲ್ಲ

ಇಷ್ಟು ಕಾಡು, ಇಷ್ಟು ಕಡಲು ಇರುವ ಕಾರವಾರದ ಕಡೆ ನಡೆಯಲು, ಸೈಕಲ್ ಹೊಡೆಯಲು ಸರ್ಕಾರ ಯಾಕೆ ದಾರಿ ಮಾಡುವುದಿಲ್ಲ ಅಂತ ನೀವು ಬೆಂಗಳೂರಿನಿಂದ ಕೇಳಿದಿರಿ. ದಾರಿ ಮೊದಲೇ ಇದೆ. ಅದಕ್ಕೆ ದುಡ್ಡು ಸಿಗುವುದೇ ಕಷ್ಟ.

ನಾನು ಮಾಜಾಳಿ ಕಡೆಯವನು. ಆಚೆ ಗೋವಾ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಮೀನು ಬುಟ್ಟಿ ಹೊತ್ತ ಹೆಂಗಸರು ಸವೆಸಿದ ದಾರಿಯಲ್ಲೇ ನಾವು ಶಾಲೆಗೆ ಹೋದೆವು.

ಘಟ್ಟದ ಮೇಲೆ, ಸಿರ್ಸಿ, ಸಿದ್ದಾಪುರದ ಕಡೆ, ದಾರಿ ಅಂದರೆ ಕಾಲುಸಂಕವೂ ಸೇರಿತು. ಹಳ್ಳಕ್ಕೆ ಅಡ್ಡಲಾಗಿ ಅಡಿಕೆ ಮರ ಜೋಡಿಸಿ, ಬಳ್ಳಿಯಲ್ಲಿ ಬಿಗಿದು, ಹಿಡಿದುಕೊಳ್ಳಲು ಒಂದು ಬಿದಿರು ಕಟ್ಟುತ್ತಾರೆ. ಮಳೆ ಹಿಡಿಯುವ ಮೊದಲು ಊರವರೇ ಸೇರಿ ಮಾಡುವ ಕೆಲಸ ಇದು. ಮರ ಕುಂಬಾದರೆ ಮತ್ತೆ ಹೊಸದು. ಶಾಲೆ, ಹಾಲಿನ ಡೈರಿ, ಆಸ್ಪತ್ರೆ ಎಲ್ಲಕ್ಕೂ ಅದೇ ದಾರಿ. ಮಕ್ಕಳು ಅದರ ಮೇಲೆ ದಾಟುವಾಗ ಕೆಳಗೆ ಕೆಂಪು ನೀರು ಹೇಗೆ ಓಡುತ್ತದೆ ಅಂತ ಆಷಾಢದಲ್ಲಿ ಬಂದು ನೋಡಬೇಕು ನೀವು. ಶಾಲಾ ಸಂಪರ್ಕ ಸೇತು ಯೋಜನೆಯಲ್ಲಿ ಸರ್ಕಾರ ಕೆಲವು ಕಡೆ ಗಟ್ಟಿ ಕಿರುಸೇತುವೆ ಕಟ್ಟಿಸಿತು. ನನ್ನ ಪ್ರಕಾರ ನಡೆಯುವವರಿಗಾಗಿ ಮಾಡಿದ ಅತಿ ಒಳ್ಳೆಯ ಕೆಲಸ ಅದು.

ಈಗ ದುಡ್ಡಿನ ವಿಷಯ. 2021ರಿಂದ 2026ರ ಮಾರ್ಚ್‌ವರೆಗೆ ಕೇಂದ್ರದಿಂದ ಪಂಚಾಯಿತಿಗೆ ಬರುತ್ತಿದ್ದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ 100 ರೂಪಾಯಿಗೆ 60 ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು. ಉಳಿದ 40ರಲ್ಲಿ ಬೀದಿ ದೀಪ, ಚರಂಡಿ, ರಸ್ತೆ ಎಲ್ಲ ಆಗಬೇಕಿತ್ತು. ಕಾಲುದಾರಿಯ ಪಾಳಿ ಬರುತ್ತಲೇ ಇರಲಿಲ್ಲ. 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲಿ ಸಾಮಗ್ರಿಗೆ 100ರಲ್ಲಿ 40 ಪಾಲಿಗಿಂತ ಜಾಸ್ತಿ ಇರಲಿಲ್ಲ. ಮಣ್ಣು ಹೊತ್ತು ಮಾಡುವ ದಾರಿಗೆ ಅದು ಸರಿ ಇತ್ತು. ಕಬ್ಬಿಣ, ಸಿಮೆಂಟ್ ಬೇಡುವ ಸಂಕಕ್ಕೆ ಸಾಲುತ್ತಿರಲಿಲ್ಲ.

ಅದರ ಮೇಲೆ ನಮ್ಮ ಜಿಲ್ಲೆಯ ಬಹುಪಾಲು ಅರಣ್ಯ. ಇಲ್ಲಿ ಎಲ್ಲದಕ್ಕೂ ಕಾಡಿನವರು ಬಿಡುವುದಿಲ್ಲ ಎಂಬ ಮಾತಿದೆ. ಆದರೆ 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಒಂದು ದಾರಿ ಇದೆ. ರಸ್ತೆ, ಶಾಲೆಯಂಥ ಕೆಲವು ಕೆಲಸಕ್ಕೆ, ಒಂದೊಂದಕ್ಕೂ 1 ಹೆಕ್ಟೇರ್‌ಗಿಂತ ಕಡಿಮೆ ಜಾಗ, ಹೆಕ್ಟೇರಿಗೆ 75 ಮರ ಮೀರದಂತೆ, ಗ್ರಾಮಸಭೆ ಶಿಫಾರಸು ಮಾಡಿದರೆ ಕೊಡಬಹುದು. ಗ್ರಾಮಸಭೆಗೆ ಹೋಗುವವರಲ್ಲಿ ಇದು ಎಷ್ಟು ಜನಕ್ಕೆ ಗೊತ್ತು? ನನಗೆ ಬೇಜಾರಾಗುವುದು ಅಲ್ಲೇ.

ಸೈಕಲ್ ಬಗ್ಗೆಯೂ ಹೇಳಬೇಕಲ್ವಾ. 66ನೇ ಹೆದ್ದಾರಿ ನಾಲ್ಕು ಪಥವಾದ ಮೇಲೆ ಸೈಕಲ್ ಹೊಡೆಯಲು ಭಯ. 2024ರ ಆಗಸ್ಟ್ 7ರಂದು ಕಾಳಿ ಹೊಳೆಯ ಹಳೆ ಸೇತುವೆ ಕುಸಿಯಿತು. ಆಮೇಲೆ ಸದಾಶಿವಗಡದಿಂದ ಕಾರವಾರಕ್ಕೆ ಬರುವವರು, ಹೋಗುವವರು ಎಲ್ಲ ಪಕ್ಕದಲ್ಲಿ ಉಳಿದ ಒಂದೇ ಸೇತುವೆಯ ಮೇಲೆ ಬಂದರು. ಹೊಸದಾಗಿ ಕಟ್ಟುವಾಗ ನಡೆಯುವವರಿಗೆ, ಸೈಕಲ್‌ಗೆ ಬೇರೆ ಅಂಚು ಬಿಡಲೇಬೇಕು.

ಗೋಕರ್ಣದ ಕುಡ್ಲೆಯಿಂದ ಓಂ ಬೀಚಿಗೆ ಗುಡ್ಡದ ಮೇಲಿನ ದಾರಿ ನೀವು ನಡೆದಿರಬಹುದು. ಅದೂ ಕಾಲಿನಿಂದಲೇ ಆದ ದಾರಿ.

ನಮ್ಮ ವಾರ್ಡ್ ಸಭೆಯಲ್ಲಿ ನಾವು ಈ ಸಲ ಹಳ್ಳದ ದಾರಿಯನ್ನು ಎಲ್ಲಿಂದ ಎಲ್ಲಿಗೆ ಅಂತ ಹೆಸರಿಟ್ಟು ನಡಾವಳಿ ಪುಸ್ತಕದಲ್ಲಿ ಬರೆಸಿದ್ದೇವೆ. ಎರಡು ಕಡೆ ಸಂಕ ಬೇಕು ಅಂತಲೂ ಬರೆಸಿದ್ದೇವೆ.