ತೌಡು ತಿಂದ ಕಂಪ್ಯೂಟರ್

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಮಾತು: 'ಫಾರ್ಮ್ಯಾಟ್ ಹೊಡೆಸಬೇಕಾ?' ಅಂದರೆ ಎಲ್ಲಾ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿಸಬೇಕಾ ಅಂತ. ಬಳ್ಳಾರಿ ಕೌಲ್ ಬಜಾರಿನ ನನ್ನ ರಿಪೇರಿ ಅಂಗಡಿಗೆ ಬರುವವರೂ ಬಾಗಿಲಲ್ಲೇ ಇದನ್ನು ಕೇಳುತ್ತಾರೆ. ನಾಲ್ಕು ಪತ್ರ ಆರಿಸಿಕೊಂಡಿದ್ದೇನೆ. ಒಂದಕ್ಕೂ ಫಾರ್ಮ್ಯಾಟ್ ಬೇಕಿಲ್ಲ.

ಪ್ರಶ್ನೆ: ಸರ್, ನಾನು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಆಫೀಸು ಮಿಲ್ಲಿಗೆ ಅಂಟಿಕೊಂಡೇ ಇದೆ. ಬೆಳಿಗ್ಗೆ ಕಂಪ್ಯೂಟರ್ ಚೆನ್ನಾಗಿರುತ್ತದೆ. ಮಧ್ಯಾಹ್ನ ಒಂದು ಗಂಟೆ ದಾಟಿತೋ, ಟ್ಯಾಲಿ ತೆರೆಯೋಕೂ ಎರಡು ನಿಮಿಷ. ಆಮೇಲೆ ತಾನೇ ಆಫ್ ಆಗುತ್ತದೆ. ಪರಿಚಯದವರೊಬ್ಬರು ಸ್ಪೀಡ್ ಮಾಡುವ ಸಾಫ್ಟ್‌ವೇರ್ ಹಾಕಿಕೊಟ್ಟರು. ಅದು 1,318 ತೊಂದರೆ ಇವೆ ಎಂದು ಕೆಂಪಗೆ ತೋರಿಸಿ ದುಡ್ಡು ಕೇಳುತ್ತಿದೆ. ಕಟ್ಟಲಾ?
– ಗುಮಾಸ್ತರು, ಗಂಗಾವತಿ

ಉತ್ತರ: ಒಂದು ರೂಪಾಯಿಯೂ ಕಟ್ಟಬೇಡಿ. ಬೆಳಿಗ್ಗೆ ಸರಿಯಿದ್ದು ಮಧ್ಯಾಹ್ನ ಕೆಡುವ ಕಂಪ್ಯೂಟರ್ ಕಂಡರೆ ನನಗೆ ಮೊದಲು ಅನುಮಾನ ಬರುವುದು ಬಿಸಿಯ ಮೇಲೆ. ವೈರಸ್‌ಗೆ ಹೊತ್ತು ಗೊತ್ತಿಲ್ಲ, ಬಿಸಿಲಿಗೆ ಗೊತ್ತು.

ಸುಮ್ನೆ ಊಹೆ ಮಾಡೋದು ಬೇಡ, ಅಳೆದೇ ನೋಡಿ. ಎಚ್‌ಡಬ್ಲ್ಯು ಮಾನಿಟರ್ ಎಂಬ ಪುಟ್ಟ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಬೆಳಿಗ್ಗೆ ತೆರೆದು ಮಿನಿಮೈಸ್ ಮಾಡಿ ಬಿಡಿ. ಟ್ಯಾಲಿ ತೆವಳಲು ಶುರುವಾದ ಕೂಡಲೇ, ಆಫ್ ಆಗುವ ಮೊದಲೇ, ಪ್ರೊಸೆಸರ್ (ಕಂಪ್ಯೂಟರಿನ ಮಿದುಳಿನಂಥ ಚಿಪ್) ಸಾಲಿನ 'ಮ್ಯಾಕ್ಸ್' ಕಾಲಂ ನೋಡಿ. ಬೆಳಗಿನಿಂದ ಏರಿದ ಅತಿ ಹೆಚ್ಚಿನ ಬಿಸಿ ಅಲ್ಲಿ ಉಳಿದಿರುತ್ತದೆ. 60–70 ಇದ್ದರೆ ಚಿಂತೆಯಿಲ್ಲ. 95 ದಾಟಿದ್ದರೆ ಕಳ್ಳ ಸಿಕ್ಕಿದ. ಬಹಳಷ್ಟು ಇಂಟೆಲ್ ಪ್ರೊಸೆಸರ್‌ಗಳು 100 ಡಿಗ್ರಿ ಹತ್ತಿರ ಬಂದಾಗ ತಾವೇ ವೇಗ ಇಳಿಸಿಕೊಳ್ಳುತ್ತವೆ. ಅದಕ್ಕೂ ಬಿಸಿ ಬಗ್ಗದಿದ್ದರೆ ಜೀವ ಉಳಿಸಿಕೊಳ್ಳಲು ಆಫ್ ಆಗುತ್ತವೆ. ನಮ್ಮ ಕಡೆ ಏಪ್ರಿಲ್‌ನಲ್ಲಿ ಕೋಣೆಯೇ 40 ಡಿಗ್ರಿ. ಫ್ಯಾನ್ ಎಷ್ಟು ತಿರುಗಿದರೂ ಒಳಗೆ ಅದಕ್ಕಿಂತ ತಣ್ಣಗಾಗೋಕೆ ಆಗಲ್ಲ, ಅಲ್ವಾ?

ನಿಮ್ಮದು ಮಿಲ್ಲು ಬೇರೆ. ಹೋದ ವರ್ಷ ಕಾರಟಗಿಯ ಮಿಲ್ಲೊಂದರಿಂದ ಬಂದ ಸಿಪಿಯು ಬಿಚ್ಚಿದ್ದೆ. ಪ್ರೊಸೆಸರ್ ಮೇಲಿನ ಫ್ಯಾನ್ ಚೆನ್ನಾಗೇ ತಿರುಗುತ್ತಿತ್ತು. ಅದರ ಸ್ಕ್ರೂ ತೆಗೆದು ಎತ್ತಿದರೆ, ಕೆಳಗಿನ ಅಲ್ಯುಮಿನಿಯಂ ರೆಕ್ಕೆಗಳ ಮೇಲೆ ತೌಡು ಮತ್ತು ಗೋಣಿಚೀಲದ ನಾರು ಸೇರಿ ಕಂಬಳಿ ಹಾಗೆ ಕೂತಿತ್ತು. ಅಂಚಿಗೆ ಉಗುರು ಹಾಕಿದೆ. ದೋಸೆ ಏಳುವ ಹಾಗೆ ಇಡೀ ಚೌಕ ಒಂದೇ ತುಂಡಾಗಿ ಎದ್ದು ಬಂತು. ವಾಸನೆಯೂ ತೌಡಿನದೇ. ಗಾಳಿ ಆ ರೆಕ್ಕೆಗಳನ್ನು ಮುಟ್ಟಿ ಎಷ್ಟು ದಿನ ಆಗಿತ್ತೋ!

ವೈರ್ ಕಿತ್ತು, ಸಿಪಿಯುವನ್ನು ಹೊರಗೆ ಒಯ್ದು, ಮೆತ್ತನೆ ಬ್ರಷ್ ಮತ್ತು ಕೈ ಬ್ಲೋವರ್‌ನಿಂದ ಸ್ವಚ್ಛ ಮಾಡಿ. ಗಾಳಿ ಬಿಡುವಾಗ ಫ್ಯಾನನ್ನು ಬೆರಳಲ್ಲಿ ಒತ್ತಿ ಹಿಡಿಯಿರಿ. ಬುಗುರಿಯಂತೆ ಸುತ್ತಲು ಬಿಟ್ಟರೆ ಬೇರಿಂಗ್ ಹಾಳಾಗುತ್ತದೆ. ಮಿಲ್ಲಿನಲ್ಲಿ ಕೆಟ್ಟ ಅಕ್ಕಿ ಬೇರ್ಪಡಿಸುವ ಸಾರ್ಟೆಕ್ಸ್ ಯಂತ್ರಕ್ಕೆಂದು ಕಂಪ್ರೆಸರ್ ಇದ್ದರೆ, ದಯವಿಟ್ಟು ಆ ಪೈಪ್ ಎಳೆದು ತರಬೇಡಿ. ಒತ್ತಡ ಜಾಸ್ತಿ, ಜೊತೆಗೆ ಟ್ಯಾಂಕಿನ ತಳದಲ್ಲಿ ಕೂತ ನೀರೂ ಬರಬಹುದು. ರೆಕ್ಕೆಗಳಿರುವ ಅಲ್ಯುಮಿನಿಯಂ ಗಟ್ಟಿಯನ್ನೇ ಪ್ರೊಸೆಸರ್ ಮೇಲಿಂದ ಎತ್ತಿದರೆ, ನಡುವೆ ಬಿಸಿ ದಾಟಿಸುವ ಥರ್ಮಲ್ ಪೇಸ್ಟ್ ಹೊಸದಾಗಿ ಹಚ್ಚಿಯೇ ಕೂರಿಸಬೇಕು. ಒಂದು ಕಡಲೆ ಕಾಳಿನಷ್ಟು ಸಾಕು. ಕೆಲವರು ಚಟ್ನಿ ಬಳಿದ ಹಾಗೆ ಬಳಿಯುತ್ತಾರೆ! ಸಿಪಿಯು ನೆಲದ ಮೇಲಿದ್ದರೆ ಮೇಜಿಗೆ ಏರಿಸಿ. ಏರ್ ಕೂಲರ್ ಎದುರಿಗೆ ಮಾತ್ರ ಬೇಡ. ತೌಡಿಗೆ ತೇವ ಸೇರಿದರೆ ರೊಟ್ಟಿ ಹಿಟ್ಟೇ.

ಬಿಸಿ 70ರೊಳಗೇ ಇದ್ದೂ ಆಫ್ ಆಗುತ್ತಿದ್ದರೆ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬ) ಬದಲಿಸಿ ನೋಡಿಸಿ.

ಇನ್ನು ಆ 1,318. ಹೆಚ್ಚಿನವು ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡುವ ಪುಸ್ತಕದಲ್ಲಿ, ಉಳಿದ ಹಳೇ ಚೀಟಿಗಳು. ಅವು ಇದ್ದರೂ ಕಂಪ್ಯೂಟರ್ ನಿಧಾನ ಆಗುವುದಿಲ್ಲ, ತೆಗೆದರೂ ವೇಗ ಹೆಚ್ಚುವುದಿಲ್ಲ. ತೆಗೆಯುವ ಭರದಲ್ಲಿ ಬೇಕಾದ ಚೀಟಿ ಹರಿದರೆ ಮಾತ್ರ ನಿಜವಾದ ತೊಂದರೆ. ಆ ಸಾಫ್ಟ್‌ವೇರನ್ನು ಅನ್‌ಇನ್‌ಸ್ಟಾಲ್ ಮಾಡಿ. ನನ್ನ ಲೆಕ್ಕದಲ್ಲಿ ಸುಮ್ಮನೆ ತೋರಿಸುವ ಸಣ್ಣ ಸಾಫ್ಟ್‌ವೇರ್ ಒಳ್ಳೆಯದು. 'ಎಲ್ಲಾ ಸರಿಮಾಡ್ತೀನಿ' ಅನ್ನುವುದನ್ನು ಕಂಡರೆ ಅನುಮಾನವಿರಲಿ.

ಪ್ರಶ್ನೆ: ದಿನಾ ಬೆಳಿಗ್ಗೆ ಆನ್ ಮಾಡಿದರೆ ತಾರೀಕು ಎಷ್ಟೋ ವರ್ಷ ಹಿಂದೆ ಹೋಗಿರುತ್ತದೆ. ಬ್ಯಾಂಕಿನ ವೆಬ್‌ಸೈಟ್ ತೆರೆಯುತ್ತಿಲ್ಲ. ವೈರಸ್ಸಾ?
– ಮಾನ್ವಿ ಓದುಗರು

ಉತ್ತರ: ಸೆಲ್ ಸತ್ತಿದೆ, ಅಷ್ಟೇ. ಮದರ್‌ಬೋರ್ಡ್ (ಒಳಗಿನ ಮುಖ್ಯ ಬೋರ್ಡ್) ಮೇಲೆ ನಾಣ್ಯದಂಥ ಸೆಲ್ ಇದೆ. ಕಂಪ್ಯೂಟರ್ ಆಫ್ ಇದ್ದಾಗ ಗಡಿಯಾರ ನಡೆಸುವುದು ಅದೇ. ಸಿಆರ್ 2032, 3 ವೋಲ್ಟ್. ವಾಚ್ ಅಂಗಡಿಯಲ್ಲೂ ಕೇಳಿ. ವೆಬ್‌ಸೈಟ್ ಅಸಲಿ ಎಂದು ತೋರಿಸುವ ಸರ್ಟಿಫಿಕೇಟ್‌ಗೆ ಶುರುವಿನ ತಾರೀಕು ಇರುತ್ತದೆ. ನಿಮ್ಮ ಕಂಪ್ಯೂಟರ್ 2015ರಲ್ಲಿ ಕೂತಿದ್ದರೆ, ಅದರ ಕಣ್ಣಿಗೆ ಆ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ.

ಪ್ರಶ್ನೆ: ಮನೆಯ ಕಂಪ್ಯೂಟರ್ ಎಂಟು ವರ್ಷದ್ದು. ಆನ್ ಆಗಲು ಹತ್ತು ನಿಮಿಷ ಬೇಕು. ಒಳಗಿಂದ ಟಿಕ್ ಟಿಕ್ ಅನ್ನುತ್ತದೆ. ಮಕ್ಕಳ ಫೋಟೋಗಳೆಲ್ಲ ಅದರಲ್ಲೇ ಇವೆ. ಡಿಫ್ರಾಗ್ ಮಾಡಿ, ಚೆಕ್ ಡಿಸ್ಕ್ ಹಾಕೋಣ ಅಂತಾನೆ ಮಗ.
– ಶಿಕ್ಷಕಿ, ಬಳ್ಳಾರಿ

ಉತ್ತರ: ಮೇಡಂ, ಮೊದಲು ಮಗನನ್ನು ತಡೆಯಿರಿ. ಡಿಫ್ರಾಗ್ ಅಂದರೆ ಚದುರಿದ ಫೈಲ್ ತುಂಡುಗಳನ್ನು ಒಟ್ಟು ಜೋಡಿಸುವುದು, ಚೆಕ್ ಡಿಸ್ಕ್ ಅಂದರೆ ಡಿಸ್ಕಿನ ತಪ್ಪು ಹುಡುಕುವುದು. ಅಂಗಡಿ ತೆಗೆದ ಹೊಸತರಲ್ಲಿ ನಾನೂ ಹೀಗೇ ಮಾಡಿದ್ದೆ. ನಮ್ಮ ಅಕ್ಕನ ಕಂಪ್ಯೂಟರ್, ಇದೇ ಸದ್ದು. ಚೆಕ್ ಡಿಸ್ಕ್ ಹಾಕಿ ಊಟಕ್ಕೆ ಹೋದೆ. ಬಂದು ನೋಡಿದರೆ 11 ಪರ್ಸೆಂಟ್‌ನಲ್ಲಿ ನಿಂತಿತ್ತು. ಡಿಸ್ಕಿನ ಸದ್ದೂ ನಿಂತಿತ್ತು. ಅವಳ ಮದುವೆ ಫೋಟೋಗಳು ಮತ್ತೆ ಸಿಗಲಿಲ್ಲ. ಈಗಲೂ ಯಾರ ಮದುವೆಗೆ ಹೋದರೂ ಅಕ್ಕ ಫೋಟೋಗ್ರಾಫರ್‌ನನ್ನು ನೋಡಿ, ಆಮೇಲೆ ನನ್ನನ್ನು ನೋಡುತ್ತಾಳೆ.

ಡಿಫ್ರಾಗ್, ಚೆಕ್ ಡಿಸ್ಕ್ ಎರಡೂ ಕುಂಟುವ ಡಿಸ್ಕನ್ನು ಮೂಲೆಮೂಲೆಗೂ ಓಡಿಸುವ ಕೆಲಸ. ಇರುವ ಅಷ್ಟಿಷ್ಟು ಉಸಿರು ಫೋಟೋ ನಕಲಿಗೆ ಬೇಕು. ಹಾಗಾಗಿ ಇವತ್ತೇ ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ, ಫೋಟೋ ಮೊದಲು, ಸಿನಿಮಾ ಕೊನೆಗೆ. ಕಾಪಿ ನಡುವೆ ನಿಲ್ಲುತ್ತಿದ್ದರೆ ಮುಂದುವರಿಸಬೇಡಿ, ಆಫ್ ಮಾಡಿ ತಿಳಿದವರಿಗೆ ಕೊಡಿ.

ಕಾಪಿ ಮುಗಿದ ಮೇಲೆ ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೋ ತೆರೆಯಿರಿ. ಇದೂ ಪುಕ್ಕಟೆ. ನೀಲಿ ಇದ್ದರೆ 'ಗುಡ್', ಹಳದಿ ಇದ್ದರೆ 'ಕಾಷನ್', ಕೆಂಪು ಇದ್ದರೆ 'ಬ್ಯಾಡ್'. ಕೆಳಗಿನ ಪಟ್ಟಿಯಲ್ಲಿ 05, ಸಿ5, ಸಿ6 ಎಂಬ ಮೂರು ಸಾಲುಗಳ ಕೊನೆಯ ಕಾಲಂನಲ್ಲಿರುವ ಇಡೀ ಸಂಖ್ಯೆ ನೋಡಿ. ಡಿಸ್ಕು ಕೈಬಿಟ್ಟ ಜಾಗ, ಓದಲು ತಿಣುಕುತ್ತಿರುವ ಜಾಗ, ಓದಲಾಗದ ಜಾಗ – ಮೂರರ ಲೆಕ್ಕ ಅಲ್ಲಿದೆ. ಎಲ್ಲಾ ಸೊನ್ನೆ ಇರಬೇಕು. ಇಲ್ಲದಿದ್ದರೆ, ಅದೂ ವಾರದಿಂದ ವಾರಕ್ಕೆ ಏರುತ್ತಿದ್ದರೆ, ಆ ಡಿಸ್ಕಿನ ಮೇಲೆ ನಂಬಿಕೆ ಬೇಡ. ಅದರ ಜಾಗಕ್ಕೆ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ಚಿಪ್‌ಗಳ ಡಿಸ್ಕು) ಹಾಕಿಸಿ. ಹತ್ತು ನಿಮಿಷದ ಕೆಲಸ ಅರ್ಧ ನಿಮಿಷಕ್ಕೆ ಇಳಿಯುತ್ತದೆ. ಅದಕ್ಕೆ ಡಿಫ್ರಾಗ್ ಗೊಡವೆಯೂ ಇಲ್ಲ ಅಂತ ಮಗನಿಗೆ ಹೇಳಿ.

ಪ್ರಶ್ನೆ: ಝೆರಾಕ್ಸ್ ಅಂಗಡಿ ನಮ್ಮದು. ಗಿರಾಕಿಯ ಪೆನ್‌ಡ್ರೈವ್‌ನಲ್ಲಿದ್ದ ಫೈಲ್‌ಗಳೆಲ್ಲ ಶಾರ್ಟ್‌ಕಟ್ ಆಗಿವೆ. ಜಗಳಕ್ಕೆ ಬಂದಿದ್ದಾರೆ.
– ಸಿಂಧನೂರು ಓದುಗರು

ಉತ್ತರ: ಶಾರ್ಟ್‌ಕಟ್ ಮೇಲೆ ಕ್ಲಿಕ್ ಮಾಡಬೇಡಿ. ಕ್ಲಿಕ್ ಮಾಡಿದರೆ ಓಡುವುದು ವೈರಸ್. ಹೆಚ್ಚಿನ ಸಲ ಫೈಲ್ ಹೋಗಿರುವುದಿಲ್ಲ, ಅಡಗಿರುತ್ತದೆ. ಮೊದಲು ನಿಮ್ಮ ಕಂಪ್ಯೂಟರನ್ನೇ ವಿಂಡೋಸ್ ಜೊತೆಗೇ ಬರುವ ಮೈಕ್ರೋಸಾಫ್ಟ್ ಡಿಫೆಂಡರ್‌ನಿಂದ ಫುಲ್ ಸ್ಕ್ಯಾನ್ ಮಾಡಿ. ಇಲ್ಲದಿದ್ದರೆ ಸರಿಮಾಡಿದ ಪೆನ್‌ಡ್ರೈವ್ ಮತ್ತೆ ಅದೇ ಆಗುತ್ತದೆ. ಆಮೇಲೆ ಫೋಲ್ಡರ್ ಆಪ್ಷನ್ಸ್‌ಗೆ ಹೋಗಿ ಅಡಗಿದ ಫೈಲ್ ತೋರಿಸು ಎಂಬುದನ್ನು ಆರಿಸಿ, ಅದರ ಕೆಳಗೆ ಸಿಸ್ಟಮ್ ಫೈಲ್ ಅಡಗಿಸು ಎಂಬಲ್ಲಿರುವ ಟಿಕ್ ತೆಗೆಯಿರಿ. ಕೆಲವು ಸಲ ಹೆಸರೇ ಇಲ್ಲದ ಒಂದು ಫೋಲ್ಡರ್ ಕಾಣುತ್ತದೆ. ಗಿರಾಕಿಯ ಗಂಟು ಅದರೊಳಗೇ ಇರುತ್ತದೆ. ಬೇಕಾದ್ದನ್ನು ಮಾತ್ರ ಕಾಪಿ ಮಾಡಿಕೊಂಡು ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ. ಹೌದು, ಫಾರ್ಮ್ಯಾಟ್ ಬೇಡ ಅಂದಿದ್ದೆ, ಅದು ಕಂಪ್ಯೂಟರಿಗೆ. ನಾಳೆಯಿಂದ ಗಿರಾಕಿಗಳಿಗೆ ಪೆನ್‌ಡ್ರೈವ್ ಬದಲು ಪಿಡಿಎಫ್ ವಾಟ್ಸಾಪ್ ಮಾಡಿ ಅನ್ನಿ.